ಕೂದಲು ಪಾಚಿಯ ಜಮಾ-ಖರ್ಚು

ಮೈಸೂರಿನಿಂದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಅವರ ಮನೆಯಲ್ಲಿ 100 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆಯಂತೆ. ಎರಡು ಕ್ಲೌನ್ ಮೀನು, ಒಂದಷ್ಟು ಕಲ್ಲು, ಕಲ್ಲಿನ ಮೇಲೆ ಅಂಗಿಯ ಗುಂಡಿಗಳನ್ನು ಸಾಲಾಗಿ ಹೊಲಿದಂತೆ ಕಾಣುವ ಗುಂಡಿ ಹವಳ. ಐದು ತಿಂಗಳು ಎಲ್ಲ ಚೆನ್ನಾಗಿತ್ತು. ಈಗ ಕಲ್ಲಿನ ಮೇಲೆಲ್ಲ ಹಸಿರು ಕೂದಲು ಬೆಳೆದು ಹವಳ ಅರ್ಧ ಮುಚ್ಚಿಹೋಗಿದೆ. "ಅಪ್ಪ ಔಷಧಿ ಹಾಕೋಣ ಅಂತಾರೆ. ಅಜ್ಜಿ ಕಲ್ಲುಗಳನ್ನ ಕುದಿಯೋ ನೀರಲ್ಲಿ ಅದ್ದಿ ತೆಗೆದರೆ ಸರಿಹೋಗುತ್ತೆ ಅಂತಾರೆ. ಅಮ್ಮ ಯಾರಿಗಾದರೂ ಕೊಟ್ಟುಬಿಡೋಣ ಅಂತಾರೆ. ಅಜ್ಜಾ, ನಾನು ಯಾರ ಮಾತು ಕೇಳಲಿ?" ಎಂದು ಕೇಳಿದ್ದಾಳೆ.

ಮೊದಲು ಅಜ್ಜಿಯವರಿಗೆ ಒಂದು ಮಾತು. ಅಮ್ಮಾ, ಪಾತ್ರೆಗೆ ಜಿಡ್ಡು ಹಿಡಿದರೆ ಬಿಸಿನೀರು ಹಾಕುವುದು ಸರಿ. ಆದರೆ ಈ ಕಲ್ಲಿಗೆ ಖಂಡಿತ ಬೇಡ. ಗುಂಡಿ ಹವಳದ ಕೆಲವು ಜಾತಿಗಳ ಮೈಯಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಕಲ್ಲಿಗೆ ಕುದಿಯುವ ನೀರು ಹಾಕಿದರೆ ಅದು ಹಬೆಯ ಜೊತೆ ಮೇಲೇಳಬಹುದು. ವಿದೇಶಗಳಲ್ಲಿ ಹೀಗೆ ಕಲ್ಲು ತೊಳೆಯಲು ಹೋಗಿ ಮನೆಮಂದಿಯೆಲ್ಲ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. ಕುದಿಸುವುದೂ ಬೇಡ, ಹವಳವಿರುವ ಕಡೆ ಬ್ರಷ್ ಹಾಕಿ ಉಜ್ಜುವುದೂ ಬೇಡ, ಬರಿಗೈಯಲ್ಲಿ ಮುಟ್ಟುವುದೂ ಬೇಡ. ಕೈಗವಸು ಹಾಕಿಕೊಂಡು ದೊಡ್ಡವರೇ ಕಲ್ಲು ಎತ್ತಲಿ.

ಇನ್ನು ಪಾಚಿಯ ವಿಚಾರಕ್ಕೆ ಬರೋಣ.

ಪಾಚಿ ಎಲ್ಲಿಂದ ಬಂತು?

ಕೂದಲು ಪಾಚಿ ಒಂದೇ ಜಾತಿಯದಲ್ಲ. ದಾರದಂತೆ ಬೆಳೆಯುವ ಹಲವು ಹಸಿರು ಪಾಚಿಗಳಿಗೆ ಅದು ಒಟ್ಟು ಹೆಸರು. ಇದರ ಬೀಜಕಣಗಳು ಕಲ್ಲಿನ ಜೊತೆಗೋ ಬಸವನಹುಳುವಿನ ಚಿಪ್ಪಿನ ಮೇಲೋ ಕೂತು ಬರುತ್ತವೆ. ಅವು ಬಾರದಂತೆ ತಡೆಯುವುದು ಕಷ್ಟ. ಬಂದದ್ದು ಬೆಳೆಯಬೇಕಾದರೆ ಬೆಳಕು ಬೇಕು, ಗೊಬ್ಬರವೂ ಬೇಕು. ನೀರಿನಲ್ಲಿರುವ ಗೊಬ್ಬರವೆಂದರೆ ಮುಖ್ಯವಾಗಿ ನೈಟ್ರೇಟ್ ಮತ್ತು ಫಾಸ್ಫೇಟ್.

ಹವಳದ ದಿಬ್ಬಗಳಿರುವ ಕಡಲಿನ ನೀರು ಬಹಳ ಬಡವ. ಅದಕ್ಕೇ ಅಷ್ಟು ತಿಳಿಯಾಗಿ, ನೀಲಿಯಾಗಿ ಕಾಣುವುದು. ಅದರಲ್ಲಿ ಗೊಬ್ಬರ ಇಲ್ಲವೆನ್ನುವಷ್ಟು ಕಡಿಮೆ. ಅಂಥ ಬಡತನದಲ್ಲಿ ಹವಳ ಹೇಗೆ ಬದುಕುತ್ತದೆ? ಅದರ ಮೈಯ ಜೀವಕೋಶಗಳ ಒಳಗೆ ಕಣ್ಣಿಗೆ ಕಾಣದ ಪಾಚಿಗಳು ಬಾಡಿಗೆಗೆ ಇರುತ್ತವೆ. ಬಿಸಿಲಿನಿಂದ ಆಹಾರ ತಯಾರಿಸಿ ಹೆಚ್ಚಿನ ಪಾಲನ್ನು ಹವಳಕ್ಕೆ ಬಾಡಿಗೆಯಾಗಿ ಕೊಡುತ್ತವೆ. ನೋಡಿ ಮಕ್ಕಳೇ, ಒಳಗಿನ ಪಾಚಿ ಹವಳವನ್ನು ಸಾಕುತ್ತದೆ, ಹೊರಗಿನ ಪಾಚಿ ಅದರ ಬೆಳಕನ್ನು ಮುಚ್ಚಿ, ಕಸ ಹಿಡಿದಿಟ್ಟು, ಉಸಿರು ಕಟ್ಟಿಸುತ್ತದೆ.

ಮೂರು ಜಮಾ

ನಾನು ಓದಿದ್ದು ಬಿ.ಕಾಂ., ಕೂತದ್ದು ಬ್ಯಾಂಕಿನ ಕೌಂಟರಿನಲ್ಲಿ. ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೆ ನನ್ನ ಮಗನ ಮನೆಯಲ್ಲಿ ಇಂಥದೇ ತೊಟ್ಟಿ ಆರು ವರ್ಷದಿಂದ ಇದೆ, ಅದರ ಲೆಕ್ಕದ ಪುಸ್ತಕ ನನ್ನ ಬಳಿ ಇದೆ. ಆ ಪುಸ್ತಕ ಕಲಿಸಿದ್ದು ಇಷ್ಟು: ಪಾಚಿಯನ್ನು ಬೈಯುವ ಮೊದಲು ಜಮಾ ಎಷ್ಟು, ಖರ್ಚು ಎಷ್ಟು ನೋಡಬೇಕು.

ಮೊದಲನೆಯ ಜಮಾ ಮೀನಿನ ಊಟ. ಒಣ ಆಹಾರದಲ್ಲಿ ನೂರಕ್ಕೆ 1 ಪಾಲು ರಂಜಕ ಇದೆ ಎಂದಿಟ್ಟುಕೊಳ್ಳೋಣ. 1 ಗ್ರಾಂ ಆಹಾರದಲ್ಲಿ 10 ಮಿಲಿಗ್ರಾಂ ರಂಜಕ. ಅದು ಫಾಸ್ಫೇಟ್ ಆದಾಗ ತೂಕ ಸುಮಾರು ಮೂರು ಪಟ್ಟು, ಅಂದರೆ 30 ಮಿಲಿಗ್ರಾಂ. 100 ಲೀಟರಿಗೆ ಹಂಚಿದರೆ ಲೀಟರಿಗೆ 0.3 ಮಿಲಿಗ್ರಾಂ. ಸ್ವಲ್ಪ ಮೀನಿನ ಮೈಗೆ ಹತ್ತುತ್ತದೆ, ನಿಜ. ಆದರೂ ಹವಳ ಸಾಕುವವರು ಫಾಸ್ಫೇಟನ್ನು ಸಾಮಾನ್ಯವಾಗಿ 0.1ರ ಕೆಳಗೆ ಇಡಲು ನೋಡುತ್ತಾರೆ. ಒಂದು ಚಿಟಿಕೆ ಹೆಚ್ಚಾದರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. "ಪಾಪ, ಹಸಿದಿದೆ" ಎಂದು ಅಜ್ಜ ಒಂದು ಸಲ, ಮೊಮ್ಮಗಳು ಒಂದು ಸಲ, ಕೆಲಸಕ್ಕೆ ಹೋಗುವ ಮುಂಚೆ ಅಪ್ಪ ಒಂದು ಸಲ ಹಾಕುವ ಮನೆಗಳಿವೆ. ಹನಿ ಹನಿ ಗೂಡಿದರೆ ಹಳ್ಳ.

ಎರಡನೆಯ ಜಮಾ ಯಾರಿಗೂ ಕಾಣದ್ದು, ಅದು ನಲ್ಲಿ ನೀರು ಅಥವಾ ಬೋರ್‌ವೆಲ್ ನೀರು. ತೊಟ್ಟಿಯಿಂದ ದಿನಕ್ಕೆ 1 ಲೀಟರ್ ಆವಿಯಾದರೆ 1 ಲೀಟರ್ ಹೊಸ ನೀರು ಸುರಿಯುತ್ತೇವೆ. ಆವಿಯಾಗುವುದು ನೀರು ಮಾತ್ರ, ಅದರಲ್ಲಿ ಕರಗಿದ್ದೆಲ್ಲ ಅಲ್ಲೇ ಉಳಿಯುತ್ತದೆ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ತನಕ ನೈಟ್ರೇಟ್ ಇರಬಹುದು. ಅಂಥ ನೀರನ್ನು ದಿನಾ 1 ಲೀಟರ್ ಹಾಕಿದರೆ 100 ಲೀಟರಿನ ತೊಟ್ಟಿಗೆ ದಿನಕ್ಕೆ 0.45, ತಿಂಗಳಿಗೆ 13.5 ಏರಿಕೆ. ಹವಳದ ತೊಟ್ಟಿಯಲ್ಲಿ ನೈಟ್ರೇಟ್ 5ರಿಂದ 10ರ ಆಸುಪಾಸು ಇದ್ದರೆ ಸಾಕು. ಅಂದರೆ ನಾವು ಕುಡಿಯಲು ತಕ್ಕ ನೀರೇ ಪಾಚಿಗೆ ಹಬ್ಬದ ಊಟ. ಅಡುಗೆಮನೆಯ ಆರ್‌ಒ ಯಂತ್ರವೂ ಸಾಲದು. ಎಷ್ಟೋ ಯಂತ್ರಗಳು ರುಚಿಗೆಂದು ಖನಿಜಗಳನ್ನು ಮತ್ತೆ ಸೇರಿಸುತ್ತವೆ. ಅಕ್ವೇರಿಯಂಗೆ ಆರ್‌ಒ-ಡಿಐ ಎಂಬ, ಖನಿಜವೆಲ್ಲ ತೆಗೆದ ನೀರು ಬೇಕು.

ಮೂರನೆಯದು ಹಳೆಯ ಠೇವಣಿ. ಕಲ್ಲಿನ ಸಂದು, ಮರಳಿನ ತಳ, ಫಿಲ್ಟರಿನ ಸ್ಪಂಜು ಇಲ್ಲೆಲ್ಲ ಕೂತ ಹಿಕ್ಕೆ, ಕೊಳೆತ ಆಹಾರ. ಇದು ದಿನಾ ಸ್ವಲ್ಪ ಸ್ವಲ್ಪ ಬಡ್ಡಿ ಬಿಡುತ್ತದೆ.

ಇಲ್ಲೊಂದು ಮೋಸ ಇದೆ. ಪತ್ರದಲ್ಲಿ ಆ ಹುಡುಗಿ, "ಟೆಸ್ಟ್ ಕಿಟ್‌ನಲ್ಲಿ ನೋಡಿದರೆ ನೈಟ್ರೇಟ್ ಸೊನ್ನೆ ತೋರಿಸುತ್ತೆ, ಆದರೂ ಪಾಚಿ ಯಾಕೆ?" ಎಂದು ಕೇಳಿದ್ದಾಳೆ. ಜಾಣೆ! ಬ್ಯಾಂಕಿನಲ್ಲಿ ಕೆಲವರ ಖಾತೆಗೆ ಬೆಳಿಗ್ಗೆ ಸಂಬಳ ಬರುತ್ತಿತ್ತು, ಸಂಜೆಯೊಳಗೆ ಅಷ್ಟೂ ತೆಗೆದುಬಿಡುತ್ತಿದ್ದರು. ಶಿಲ್ಕು ನೋಡಿದರೆ ಸೊನ್ನೆ. ಹಾಗೆಂದು ಸಂಬಳವೇ ಬಂದಿಲ್ಲ ಎನ್ನಲಾದೀತೇ? ಬಂದ ನೈಟ್ರೇಟನ್ನೆಲ್ಲ ಪಾಚಿ ಅಂದಂದೇ ನುಂಗಿ ಮೈ ಬೆಳೆಸುತ್ತಿದೆ. ಕಿಟ್ ತೋರಿಸುವುದು ಶಿಲ್ಕನ್ನು ಮಾತ್ರ.

ಒಂದು ಕೊಲ್ಲಿಯ ಕಥೆ

ಇದು ಗಾಜಿನ ತೊಟ್ಟಿಯ ತೊಂದರೆ ಮಾತ್ರವಲ್ಲ. ಅಮೆರಿಕದ ಹವಾಯಿ ದ್ವೀಪಗಳಲ್ಲಿ ಓಆಹು ಎಂಬ ದ್ವೀಪವಿದೆ. ಅಲ್ಲಿನ ಕಾನಿಯೋಹೆ ಕೊಲ್ಲಿಗೆ ಬಹಳ ವರ್ಷ ಊರಿನ ಚರಂಡಿ ನೀರು ಬಂದು ಸೇರುತ್ತಿತ್ತು. ಗೊಬ್ಬರ ಸಿಕ್ಕಿದ್ದೇ ತಡ, ಒಂದು ಬಗೆಯ ಹಸಿರು ಗುಳ್ಳೆ ಪಾಚಿ ಹವಳದ ಮೇಲೆ ಹರಡಿಕೊಂಡಿತು. 1977-78ರಲ್ಲಿ ಚರಂಡಿ ನೀರನ್ನು ಕೊಲ್ಲಿಯಿಂದ ತಿರುಗಿಸಿ ಹೊರಗಿನ ಆಳ ಕಡಲಿಗೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಪಾಚಿ ಇಳಿಯಿತು, ಹವಳ ಮತ್ತೆ ಹಬ್ಬಿತು. ಜಮಾ ನಿಲ್ಲಿಸಿದ್ದರ ಫಲ ಅದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಐಸ್‌ಕ್ರೀಂ, ಟೂತ್‌ಪೇಸ್ಟ್‌ಗಳನ್ನು ಗಟ್ಟಿಯಾಗಿಸುವ ಕ್ಯಾರಜೀನನ್ ಎಂಬ ವಸ್ತುವಿಗಾಗಿ 1970ರ ದಶಕದಲ್ಲಿ ಹೊರಗಿನಿಂದ ಕಡಲಕಳೆ ತಂದು ಅಲ್ಲಿ ಬೆಳೆಸಿ ನೋಡಿದ್ದರು. ಅದು ತಪ್ಪಿಸಿಕೊಂಡು ಹವಳದ ಮೇಲೆ ಕಂಬಳಿ ಹೊದಿಸಿತು. ಆಗ ಅಲ್ಲಿಯವರು ಔಷಧಿ ಸುರಿಯಲಿಲ್ಲ. ದೋಣಿಯ ಮೇಲೆ ದೊಡ್ಡ ಪಂಪ್ ಕೂರಿಸಿದರು. ಮುಳುಗುಗಾರರು ಕೆಳಗೆ ಹೋಗಿ ಕೈಯಿಂದಲೇ ಕಳೆ ಕಿತ್ತು ಕೊಳವೆಗೆ ತುಂಬುವುದು, ದೋಣಿಯ ಮೇಲೆ ಕೂತವರು ಅದರಲ್ಲಿ ಸಿಕ್ಕ ಮೀನು, ಏಡಿಗಳನ್ನು ಆರಿಸಿ ಕಡಲಿಗೆ ಬಿಡುವುದು. ಕಿತ್ತ ಕಳೆ ರೈತರ ಹೊಲಕ್ಕೆ ಗೊಬ್ಬರವಾಗಿ ಹೋಯಿತು. ಕಿತ್ತ ಜಾಗದಲ್ಲಿ ಮತ್ತೆ ಬೆಳೆಯದಂತೆ ಕಾಯಲು 2011ರಿಂದ ಕಡಲ ಅರ್ಚಿನ್‌ಗಳನ್ನು ಬಿಡತೊಡಗಿದರು. ಮೈತುಂಬ ಮುಳ್ಳಿರುವ ಚೆಂಡಿನಂಥ ಪ್ರಾಣಿ ಅದು, ಕಳೆ ಮೇಯುವುದೇ ಅದರ ಕೆಲಸ. ಅಲ್ಲಿನ ಕಡಲಿನದೇ ಜಾತಿಯನ್ನು ಮರಿಕೇಂದ್ರದಲ್ಲಿ ಸಾಕಿ ಇದುವರೆಗೆ 5 ಲಕ್ಷಕ್ಕೂ ಹೆಚ್ಚು ಬಿಟ್ಟಿದ್ದಾರೆ.

ಜಮಾ ನಿಲ್ಲಿಸು, ಕೈಯಿಂದ ಕೀಳು, ಮೇಯುವವರನ್ನು ಬಿಡು. ದೊಡ್ಡ ಕೊಲ್ಲಿಗೆ ಬೇಕಾದದ್ದೂ ಈ ಮೂರೇ, ಮೈಸೂರಿನ ಗಾಜಿನ ತೊಟ್ಟಿಗೆ ಬೇಕಾದದ್ದೂ ಈ ಮೂರೇ.

ಮನೆಯಲ್ಲಿ ಮಾಡುವುದು

ಮಗು, ಒಂದು ನೋಟ್‌ಬುಕ್ ತೆಗೆದುಕೋ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಊಟ ಹಾಕುವ ಅಧಿಕಾರ ಮನೆಯಲ್ಲಿ ಒಬ್ಬರಿಗೇ ಇರಲಿ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟು ಹಾಕಿದರೆ ಸಾಕು. ಹೆಪ್ಪುಗಟ್ಟಿಸಿದ ಆಹಾರವಾದರೆ ಜರಡಿಯಲ್ಲಿ ಕರಗಿಸಿ, ಬಸಿದ ನೀರು ಚೆಲ್ಲಿ, ಉಳಿದದ್ದನ್ನು ಹಾಕು. ದೀಪ ದಿನಕ್ಕೆ 8 ಗಂಟೆ ಸಾಕು. ಕಿಟಕಿಯ ಬಿಸಿಲು ತೊಟ್ಟಿಗೆ ನೇರ ಬೀಳದಿರಲಿ.

ವಾರಕ್ಕೊಮ್ಮೆ ದೊಡ್ಡವರ ಜೊತೆ ಪಾಚಿ ಕೀಳುವ ಕೆಲಸ. ನೀರು ಬದಲಿಸಲು ತೆಗೆದ 10 ಲೀಟರ್ ಉಪ್ಪುನೀರನ್ನು ಬಕೆಟ್ಟಿಗೆ ತುಂಬಿಸಿ, ಹವಳವಿಲ್ಲದ ಕಲ್ಲನ್ನು ಅದರಲ್ಲೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನಲ್ಲಿ ನೀರಿನಲ್ಲಿ ತೊಳೆದರೆ ಕಲ್ಲಿನಲ್ಲಿ ಮನೆ ಮಾಡಿದ ಒಳ್ಳೆಯ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಯುತ್ತವೆ. ಹವಳದ ಪಕ್ಕದ ಪಾಚಿಯನ್ನು ದೊಡ್ಡವರು ಕೈಗವಸು ಹಾಕಿ, ಚಿಮಟದಿಂದ ಎಳೆ ಎಳೆಯಾಗಿ ಕೀಳಲಿ. ಕಿತ್ತದ್ದನ್ನು ತೊಟ್ಟಿಯಿಂದ ಹೊರಗೆ ತೆಗೆಯಲೇಬೇಕು. ಒಳಗೇ ಬಿಟ್ಟರೆ ಕೊಳೆತು, ಖರ್ಚು ಬರೆದದ್ದು ಮತ್ತೆ ಜಮಾ ಆಗುತ್ತದೆ.

ಆಮೇಲೆ ಮೇಯುವವರು. ಟ್ರೋಕಸ್ ಜಾತಿಯ ನಾಲ್ಕೈದು ಕಡಲ ಬಸವನಹುಳುಗಳು ನಿನ್ನ ತೊಟ್ಟಿಗೆ ಸಾಕು. ಮಗುಚಿ ಬಿದ್ದರೆ ತಾವೇ ಎದ್ದು ಕೂರುತ್ತವೆ. ಆದರೆ ಉದ್ದ ಕೂದಲನ್ನು ಅವು ತಿನ್ನುವುದು ಕಡಿಮೆ. ನೀವು ಕತ್ತರಿಸಿಕೊಟ್ಟ ಮೇಲೆ ಉಳಿದ ಮೋಟನ್ನು, ಹೊಸ ಚಿಗುರನ್ನು ಮೇಯುತ್ತವೆ. ಪಾಚಿ ತಿನ್ನುತ್ತದೆಂದು ಅಂಗಡಿಯಲ್ಲಿ ಟ್ಯಾಂಗ್ ಮೀನು ಕೊಡಬಹುದು. ಅದಕ್ಕೆ 100 ಲೀಟರ್ ಸೆರೆಮನೆ, ಬೇಡ.

ಇನ್ನೊಂದು ಉಪಾಯ ಕೇಳಿದರೆ ನಗುತ್ತೀರಿ. ಪಾಚಿಯನ್ನು ಪಾಚಿಯಿಂದಲೇ ಸೋಲಿಸುವುದು. ಪಕ್ಕದ ಪುಟ್ಟ ಡಬ್ಬದಲ್ಲಿ ಬೇರೆ ದೀಪ ಇಟ್ಟು ಕೀಟೊಮಾರ್ಫ ಎಂಬ ಪಾಚಿಯನ್ನು ಬೇಕೆಂದೇ ಬೆಳೆಸುತ್ತಾರೆ. ತೊಟ್ಟಿಯ ನೀರು ಅದರ ಮೂಲಕ ಹರಿಯುತ್ತದೆ, ಗೊಬ್ಬರ ಅದರ ಪಾಲಾಗುತ್ತದೆ. ತಿಂಗಳಿಗೊಮ್ಮೆ ಒಂದು ಹಿಡಿ ಕಿತ್ತು ಹೊರಗೆ ಹಾಕಿದರೆ ಅಷ್ಟು ಗೊಬ್ಬರ ಖರ್ಚು ಬಿದ್ದಂತೆ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡಿ ತಮ್ಮ ಹವಳದ ತೊಟ್ಟಿಗಳ ನೀರನ್ನು ಹೀಗೆಯೇ, ಜಾಲರಿಯ ಮೇಲೆ ಪಾಚಿ ಬೆಳೆಸಿ ಶುದ್ಧ ಮಾಡಿದವರು.

ಎಷ್ಟು ದಿನ ಬೇಕು? ಅಪ್ಪನಿಗೆ ಈ ಲೆಕ್ಕ ತೋರಿಸು. ನೈಟ್ರೇಟ್ 40 ಇರುವ ತೊಟ್ಟಿಯಲ್ಲಿ ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಿದರೆ ಮೊದಲ ವಾರ 36, ಎರಡನೆಯ ವಾರ 32.4, ಮೂರನೆಯ ವಾರ 29.2. ಹೊಸ ಜಮಾ ಒಂದು ಪೈಸೆ ಬಾರದಿದ್ದರೂ ಅರ್ಧಕ್ಕೆ ಇಳಿಯಲು 7 ವಾರ. ಚಕ್ರಬಡ್ಡಿ ಹಿಂದಕ್ಕೆ ನಡೆದಂತೆ. ಪಾಚಿ ಹೋಗಲು ಎರಡು-ಮೂರು ತಿಂಗಳು ಹಿಡಿದರೆ ಅದು ಸೋಲಲ್ಲ.

ಔಷಧಿ ಹಾಕಿದರೆ ಬೇಗ ಆಗುವುದಿಲ್ಲವೇ ಎಂದು ಅಪ್ಪ ಕೇಳಬಹುದು. ಪಾಚಿ ಒಂದೇ ಸಲ ಸತ್ತರೆ ನುಂಗಿದ್ದನ್ನೆಲ್ಲ ನೀರಿಗೆ ಬಿಡುತ್ತದೆ, ಕೊಳೆಯುವಾಗ ಆಮ್ಲಜನಕವೂ ಕಡಿಮೆಯಾಗುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. ಕಾರಣ ಹಾಗೇ ಉಳಿದಿರುವುದರಿಂದ ಪಾಚಿ ಮತ್ತೆ ಬರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ. ಹಾಗೆಂದು ಗೊಬ್ಬರವನ್ನು ಪೂರ್ತಿ ಸೊನ್ನೆ ಮಾಡಲೂ ಹೋಗಬಾರದು. ಹವಳಕ್ಕೂ ಸ್ವಲ್ಪ ಬೇಕು, ಇಲ್ಲದಿದ್ದರೆ ಅದು ಬಿಳಿಚಿಕೊಳ್ಳುತ್ತದೆ.

ಅಮ್ಮನ ಮಾತಿಗೂ ಉತ್ತರ ಹೇಳಬೇಕು. ಕೊಟ್ಟುಬಿಡುವುದು ತಪ್ಪಲ್ಲ, ನೋಡಿಕೊಳ್ಳುವವರಿಗೆ ಕೊಟ್ಟರೆ. ಆದರೆ ಯಾವ ಕಾರಣಕ್ಕೂ ಕಡಲಿಗೋ ಕೆರೆಗೋ ಸುರಿಯಬಾರದು. ಕಾನಿಯೋಹೆಯ ಕಥೆ ನೆನಪಿರಲಿ. ಕಡಲಿನಿಂದ ತರುವುದೂ ಬೇಡ. ದಿಬ್ಬ ಕಟ್ಟುವ ಹವಳಗಳಿಗೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಇದೆ, ಹುಲಿಗೆ ಇರುವಂತೆಯೇ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಅದನ್ನು ನೀರಿನಲ್ಲೇ ನೋಡಿ ಬರಬೇಕು.

ಈ ವಾರದ ಕೆಲಸ

ಅಕ್ವೇರಿಯಂ ಇಲ್ಲದ ಮಕ್ಕಳೂ ಈ ಲೆಕ್ಕವನ್ನು ಕಣ್ಣಾರೆ ನೋಡಬಹುದು. ಮೂರು ಪಾರದರ್ಶಕ ಬಾಟಲಿಗಳಿಗೆ ಕೆರೆಯದೋ ಹೊಂಡದ್ದೋ ನೀರು ತುಂಬಿಸಿ. ನೀರು ತರಲು ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ, ಒಬ್ಬರೇ ಹೋಗಬೇಡಿ. ಮೊದಲನೆಯದನ್ನು ಹಾಗೇ ಕಿಟಕಿಯ ಬೆಳಕಿನಲ್ಲಿಡಿ. ಎರಡನೆಯದಕ್ಕೆ ಹೂಕುಂಡಕ್ಕೆ ಹಾಕುವ ಗೊಬ್ಬರದ 2 ಕಾಳು ಹಾಕಿ ಅದರ ಪಕ್ಕದಲ್ಲೇ ಇಡಿ. ಮೂರನೆಯದಕ್ಕೂ 2 ಕಾಳು ಹಾಕಿ ಕತ್ತಲೆಯ ಬೀರುವಿನಲ್ಲಿಡಿ. ಮುಚ್ಚಳ ಸಡಿಲವಾಗಿರಲಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಪ್ರತಿ ಭಾನುವಾರ ಮೂರರ ಬಣ್ಣವನ್ನೂ ಬರೆದಿಡಿ. ನಾಲ್ಕು ಭಾನುವಾರ ಕಳೆದ ಮೇಲೆ ಮೂರನ್ನೂ ಸಾಲಾಗಿ ಇಟ್ಟು ನೋಡಿ, ಯಾವುದು ಹಸಿರಾಯಿತು, ಯಾವುದು ಆಗಲಿಲ್ಲ, ಏಕೆ ಎಂದು ಒಂದು ಕಾರ್ಡಿನಲ್ಲಿ ನನಗೆ ಬರೆಯಿರಿ.