ಆಟದಂಗಳ ಯಾರ ಸೊತ್ತು?

ಚೆನ್ನೈಯ ಮಕ್ಕಳಿಗೆ ಶುಲ್ಕವಿಲ್ಲದ ಸಾರ್ವಜನಿಕ ಸ್ಕೇಟ್ ಪಾರ್ಕುಗಳು ಬೇಕು, ಅವುಗಳ ನಕ್ಷೆ ಬರೆಯುವ ಮೊದಲು ಆ ಮಕ್ಕಳನ್ನೂ ನೆರೆಹೊರೆಯವರನ್ನೂ ಕೇಳಬೇಕು ಎಂದರೆ ನಮ್ಮ ಹಿರಿಯರಲ್ಲಿ ಹಲವರು ನಗುತ್ತಾರೆ. ಚಕ್ರದ ಹಲಗೆಯ ಮೇಲೆ ಜಾರುವ ಪರದೇಶದ ಆಟಕ್ಕೂ ಕನ್ನಡ ಸಂಘಕ್ಕೂ ಏನು ಸಂಬಂಧ? ಹೊರನಾಡಿನಲ್ಲಿರುವ ನಾವು ಇಲ್ಲಿಯ ಪಾಲಿಕೆಯ ವ್ಯವಹಾರದಲ್ಲಿ ತಲೆಹಾಕುವುದು ತರವೇ? ಈ ಎರಡು ಆಕ್ಷೇಪಗಳಲ್ಲಿ ಮೊದಲನೆಯದು ಅಜ್ಞಾನದಿಂದ ಹುಟ್ಟಿದ್ದು, ಎರಡನೆಯದು ಅಪಾಯಕಾರಿಯಾದದ್ದು.

ಪರದೇಶದ ಆಟವೆಂದು ಮೂಗುಮುರಿಯುವವರು ಕ್ರಿಕೆಟ್ ಎಲ್ಲಿಂದ ಬಂತೆಂಬುದನ್ನು ನೆನೆಯಲಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿಗೆ ಸೇರಿತು. ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೋಮಿಜಿ ನಿಶಿಯಾಳಿಗೆ ಆಗ 13 ವರ್ಷ. ಅಷ್ಟು ದೂರವೇಕೆ, ನಮ್ಮ ಪಕ್ಕದ ಮಹಾಬಲಿಪುರದ ಮೀನುಗಾರರ ಮನೆಯ ಹುಡುಗಿಯೊಬ್ಬಳು ಹಲಗೆಯೇರಿದ ಕಥೆಯನ್ನು ಹೇಳುವ ‘ಕಮಲಿ’ ಕಿರುಚಿತ್ರ 2020ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. 2013ರಲ್ಲಿ ಬೆಂಗಳೂರಿನ ‘ಹೋಲಿಸ್ಟೋಕ್ಡ್’ ತಂಡದ ಯುವಕರು ದೇಶವಿದೇಶಗಳ ಸ್ವಯಂಸೇವಕರೊಡನೆ ತಾವೇ ಕಾಂಕ್ರೀಟು ಕಲಸಿ ಸ್ಕೇಟ್ ಪಾರ್ಕೊಂದನ್ನು ಕಟ್ಟಿದರು. ಮಧ್ಯಪ್ರದೇಶದ ಜನವಾರ್ ಹಳ್ಳಿಯಲ್ಲಿ 2015ರಲ್ಲಿ ಎದ್ದ ಪಾರ್ಕಿನಲ್ಲಿ ಎರಡೇ ಕಟ್ಟಳೆ: ಶಾಲೆಗೆ ಹೋಗದವರಿಗೆ ಆಟವಿಲ್ಲ, ಹುಡುಗಿಯರಿಗೆ ಮೊದಲ ಸರದಿ. ಹುಡುಗಾಟವೆಂದು ನಾವು ತಳ್ಳಿಹಾಕುವ ಈ ಆಟ ಜಾತಿ, ಲಿಂಗಗಳ ಗೋಡೆಯನ್ನು ಮುಟ್ಟಿ ನೋಡಿದ ಬಗೆ ಇದು.

ಕಟ್ಟುವ ಮೊದಲು ಕೇಳಬೇಕೇಕೆ? ಚಕ್ರಬೂಟು ತೊಟ್ಟು ಸುತ್ತುವ ಸಮತಟ್ಟು ಅಂಗಣ ಬೇರೆ. ಇಳಿಜಾರು, ತಗ್ಗು, ಮೆಟ್ಟಿಲು, ಕಂಬಿಗಳಿರುವ ಸ್ಕೇಟ್ ಪಾರ್ಕು ಬೇರೆ. ಈ ಭೇದ ಗುತ್ತಿಗೆದಾರನಿಗಿಂತ ಆಡುವ ಹುಡುಗನಿಗೆ ಚೆನ್ನಾಗಿ ಗೊತ್ತು. ಹಲಗೆಯ ಚಕ್ರದ ಅಡ್ಡಳತೆ ಐದಾರು ಸೆಂಟಿಮೀಟರ್. ಕಾಂಕ್ರೀಟಿನ ಒಂದು ಬಿರುಕು ಸಾಕು, ಮಗುವಿನ ಕೈ ಮುರಿಯಲು. ತಗ್ಗಿನ ತಳದಲ್ಲಿ ನೀರು ಹೋಗುವ ದಾರಿಯಿಲ್ಲದಿದ್ದರೆ ಹಿಂಗಾರು ಮಳೆಯಲ್ಲಿ ಅದು ಸೊಳ್ಳೆಯ ಕೊಳವಾಗುತ್ತದೆ. ಸಂಜೆ ದೀಪವಿಲ್ಲದಿದ್ದರೆ ಹುಡುಗಿಯರು ಬರುವುದಿಲ್ಲವೆಂದು ತಾಯಂದಿರು ಹೇಳುತ್ತಾರೆ. ರಾತ್ರಿಯ ಸದ್ದಿನ ಬಗ್ಗೆ ಪಕ್ಕದ ಮನೆಯ ವೃದ್ಧರು ಹೇಳುತ್ತಾರೆ. ಇವೆಲ್ಲ ಕಚೇರಿಯ ಮೇಜಿನ ಮೇಲೆ ತಾವಾಗಿ ಹುಟ್ಟುವ ತಿಳಿವಳಿಕೆಗಳಲ್ಲ.

ಕೇಳದೆ ನಿರ್ಧರಿಸಿದರೆ ಏನಾಗುತ್ತದೆ ಎಂಬುದನ್ನು 2024ರ ಅಕ್ಟೋಬರ್ ತೋರಿಸಿದೆ. ಕೃತಕ ಹುಲ್ಲಿನ ಒಂಬತ್ತು ಫುಟ್‌ಬಾಲ್ ಅಂಗಣಗಳನ್ನು ಖಾಸಗಿಯವರ ಕೈಗೊಪ್ಪಿಸಿ, ಆಟಗಾರನೊಬ್ಬನಿಗೆ ಗಂಟೆಗೆ 120 ರೂಪಾಯಿ ಶುಲ್ಕ ವಿಧಿಸಲು ಚೆನ್ನೈ ಮಹಾನಗರಪಾಲಿಕೆ ನಿರ್ಣಯಿಸಿತು. ಹತ್ತು ಹುಡುಗರು ಒಂದು ಗಂಟೆ ಚೆಂಡು ಒದೆಯಲು 1,200 ರೂಪಾಯಿ! ಕೂಲಿಯವನ ಮಗ ಬೇಲಿಯ ಹೊರಗೆ, ಹಣವಂತನ ಮಗ ಒಳಗೆ. ಜನ ಸಿಡಿದೆದ್ದರು, ಪಾಲಿಕೆ ನಿರ್ಣಯವನ್ನು ಕೈಬಿಟ್ಟಿತು. ಗೆಲುವೇನೋ ದೊರೆಯಿತು. ಆದರೆ ಕೂಗಿದ ಮೇಲೆ ಕೇಳಿಸಿಕೊಳ್ಳುವುದನ್ನು ಜನಾಭಿಪ್ರಾಯ ಸಂಗ್ರಹವೆಂದು ಕರೆಯಲಾಗದು. ನಿರ್ವಹಣೆಗೆ ಹಣ ಬೇಕೆಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆ ಹಣವನ್ನು ಮಗುವಿನ ಜೇಬಿನಿಂದ ಕೀಳಬಾರದೆಂದಷ್ಟೇ ಹೇಳುತ್ತೇನೆ. ತೆರಿಗೆ ಇರುವುದು ಇನ್ನೇತಕ್ಕೆ? ಕಾಲಹರಣವೂ ಒಂದು ಬಗೆಯ ಕಸಿದುಕೊಳ್ಳುವಿಕೆಯೇ: ಮೆಟ್ರೋ ಕಾಮಗಾರಿಗಾಗಿ 2011ರಲ್ಲಿ ಮುಚ್ಚಿದ ಶೆಣೈ ನಗರದ ತಿರು. ವಿ. ಕ. ಉದ್ಯಾನ ಮತ್ತೆ ತೆರೆದದ್ದು 2023ರಲ್ಲಿ. ಮುಚ್ಚಿದಾಗ ಎಂಟು ವರ್ಷದವನಾಗಿದ್ದ ಹುಡುಗ ತೆರೆಯುವಾಗ ಇಪ್ಪತ್ತರ ತರುಣ. ಅವನ ಬಾಲ್ಯವನ್ನು ಯಾವ ಇಲಾಖೆ ಹಿಂದಿರುಗಿಸುತ್ತದೆ?

ಇನ್ನು, ‘ನಾವು ಅತಿಥಿಗಳು’ ಎಂಬ ಮಾತು. ತಲೆಮಾರುಗಳಿಂದ ಇಲ್ಲಿ ಮನೆ ಕಟ್ಟಿ, ತೆರಿಗೆ ತೆತ್ತು, ಮತ ಹಾಕಿ, ಮಕ್ಕಳನ್ನು ಇಲ್ಲಿಯ ಶಾಲೆಗಳಿಗೆ ಕಳುಹಿಸಿದವರು ಅತಿಥಿಗಳಾಗುವುದು ಹೇಗೆ? ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ! ತಮಿಳುನಾಡು ಸರ್ಕಾರ ನವೆಂಬರ್ 1ನ್ನು ಸ್ಥಳೀಯ ಸಂಸ್ಥೆಗಳ ದಿನವೆಂದು ಸಾರಿದೆ. 2022ರಲ್ಲಿ ಅದೇ ದಿನ ತಾಂಬರಂ ಮಹಾನಗರಪಾಲಿಕೆಯ ಪಮ್ಮಲ್‌ನಲ್ಲಿ ನಡೆದ ಪ್ರದೇಶ ಸಭೆಯಲ್ಲಿ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಸ್ವತಃ ಜನರೊಡನೆ ಕುಳಿತರು. ನಗರದ ನಿವಾಸಿ ತನ್ನ ಬೀದಿಯ ಬೇಡಿಕೆಯನ್ನು ಎದ್ದುನಿಂತು ಹೇಳಲೆಂದೇ ಇರುವ ಸಭೆ ಅದು. ನಮಗೆ ನವೆಂಬರ್ 1 ರಾಜ್ಯೋತ್ಸವದ ದಿನ. ಧ್ವಜವೇರಿಸಿ, ಭಾಷಣ ಕೇಳಿ, ಉಂಡು ಮನೆಗೆ ಮರಳುತ್ತೇವೆ. ನಮ್ಮದೇ ವಾರ್ಡಿನ ಅಂಗಳದ ಮಾತು ಬಂದಾಗ ನಮ್ಮ ಕುರ್ಚಿ ಖಾಲಿ.

ಆದ್ದರಿಂದ ನಮ್ಮ ಸಂಘದ ಮುಂದೆ ಮೂರು ಬೇಡಿಕೆಗಳನ್ನಿಡುತ್ತೇನೆ. ಪ್ರತಿ ವಾರ್ಡಿನ ಪ್ರದೇಶ ಸಭೆಗೂ ನಮ್ಮ ಸದಸ್ಯರು ಹೋಗಲಿ, ತಮಿಳಿನಲ್ಲಿಯೇ ಮಾತನಾಡಲಿ. ಸಾರ್ವಜನಿಕ ಆಟದಂಗಳದ ನಕ್ಷೆಯನ್ನು ಟೆಂಡರಿಗೆ ಮುನ್ನ, ಮಕ್ಕಳೂ ಇರುವ ಸಭೆಯಲ್ಲಿ, ತೆರೆದಿಡಬೇಕೆಂದು ಒತ್ತಾಯಿಸಲಿ. ಪ್ರವೇಶ ಶುಲ್ಕವಿಲ್ಲವೆಂಬ ಮಾತು ಗೇಟಿನ ಫಲಕಕ್ಕಿಂತ ಮೊದಲು ಪಾಲಿಕೆಯ ನಿರ್ಣಯದಲ್ಲಿ ಬರೆಯಲ್ಪಡಲಿ.

ಕನ್ನಡವನ್ನು ಉಳಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲವೆನ್ನಬೇಡಿ. ಬೀದಿಯ ಮಕ್ಕಳಿಗೆ ಅಂಗಳ ದೊರಕಿಸಿಕೊಟ್ಟ ಸಂಘದ ಭಾಷೆಯನ್ನು ಆ ಬೀದಿ ಗೌರವಿಸುತ್ತದೆ. ಬಾಗಿಲು ಹಾಕಿಕೊಂಡು ಉತ್ಸವ ಮಾಡುವ ಸಂಘಕ್ಕೆ ಕೊನೆಗೆ ಉಳಿಯುವುದು ಬಾಗಿಲು ಮಾತ್ರ. ಅದನ್ನು ತಟ್ಟಲು ನಮ್ಮ ಮಕ್ಕಳೂ ಬರಲಾರರು.