ಬೋಟು ಮೌನವಾದ ಕ್ಷಣವೇ ಗಂಟೆ ಬಾರಿಸಲಿ

2018ರ ಡಿಸೆಂಬರ್ 13ರಂದು ಏಳು ಮೀನುಗಾರರನ್ನು ಹೊತ್ತು ಮಲ್ಪೆಯಿಂದ ಆಳಸಮುದ್ರಕ್ಕೆ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡೇ ದಿನಕ್ಕೆ ಸಂಪರ್ಕ ಕಳೆದುಕೊಂಡಿತು. ಹುಡುಕಾಟ ಚುರುಕಾಗಲಿ ಎಂದು ಜನವರಿಯಲ್ಲಿ ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದರು. ಬೋಟಿನ ಅವಶೇಷ ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಹಡಗಿಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲತಳದಲ್ಲಿ. ಅಲ್ಲಿಯವರೆಗೆ ಏಳು ಮನೆಗಳು ಬಾಗಿಲು ತೆರೆದಿಟ್ಟುಕೊಂಡೇ ಕಾದವು.

ದಡ ಬಿಟ್ಟು ಒಂದಷ್ಟು ದೂರ ಹೋದರೆ ಮೊಬೈಲ್ ಸಿಗ್ನಲ್ ಸತ್ತುಹೋಗುತ್ತದೆ. ಬೋಟಿನ ವೈರ್‌ಲೆಸ್ ಕೂಡ ಕೆಲವೇ ಹತ್ತಾರು ಕಿಲೋಮೀಟರ್ ಮುಟ್ಟೀತು. ಅದರಾಚೆ ಮೀನುಗಾರನ ಕೂಗು ಕೇಳುವುದು ಆಕಾಶಕ್ಕೆ ಮಾತ್ರ. ಆ ಕೂಗನ್ನು ಕೇಳಿಸಿಕೊಳ್ಳುವ ವ್ಯವಸ್ಥೆ ಇಂದು ನಿನ್ನೆಯದಲ್ಲ.

ಶೀತಲ ಸಮರ ನಡೆಯುತ್ತಿದ್ದಾಗಲೇ, 1979ರಲ್ಲಿ, ಅಮೆರಿಕ, ಕೆನಡಾ, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟ ಕೈಜೋಡಿಸಿ ‘ಕೋಸ್ಪಾಸ್-ಸಾರ್‌ಸ್ಯಾಟ್’ ಎಂಬ ಉಪಗ್ರಹ ರಕ್ಷಣಾ ಜಾಲ ಕಟ್ಟಲು ಹೊರಟವು. 1982ರ ಸೆಪ್ಟೆಂಬರ್‌ನಲ್ಲಿ ಕೆನಡಾದಲ್ಲಿ ಬಿದ್ದ ಪುಟ್ಟ ವಿಮಾನದ ಮೂವರು ಬದುಕುಳಿದದ್ದು ಇದರಿಂದಲೇ. ಅದರ ತಂತ್ರ ಸರಳ. ಹತ್ತಿರ ಬರುವ ರೈಲಿನ ಸೀಟಿ ಕೀರಲಾಗಿ, ದಾಟಿಹೋದ ಮೇಲೆ ದಪ್ಪಗೆ ಕೇಳಿಸುವಂತೆ, ಮೇಲೆ ಹಾದುಹೋಗುವ ಉಪಗ್ರಹಕ್ಕೆ ಕೆಳಗೆ ಅಪಾಯದಲ್ಲಿರುವವರ ಸಂಕಷ್ಟ ಸೂಚಕ ಸಾಧನದ ರೇಡಿಯೊ ತರಂಗದ ಆವರ್ತನವೂ ಮೊದಲು ಏರಿ ಆಮೇಲೆ ಇಳಿದಂತೆ ಕಾಣುತ್ತದೆ. ಆ ಏರಿಳಿತವನ್ನು ಲೆಕ್ಕ ಹಾಕಿದರೆ ಸಾಧನ ಎಲ್ಲಿದೆ ಎಂದು ಗೊತ್ತಾಗುತ್ತದೆ. 1957ರಲ್ಲಿ ಸ್ಪುಟ್ನಿಕ್‌ನ ಬೀಪ್ ಸದ್ದನ್ನು ಆಲಿಸುತ್ತಿದ್ದ ಅಮೆರಿಕದ ಇಬ್ಬರು ಭೌತವಿಜ್ಞಾನಿಗಳು ಇದೇ ಲೆಕ್ಕದಿಂದ ಅದರ ಕಕ್ಷೆ ಕಂಡುಹಿಡಿದಿದ್ದರು.

ಈ ಜಾಲದ ಭಾರತೀಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಚಂದ್ರಯಾನವನ್ನು ನಡೆಸಿದ ಇಸ್ರೊದ ‘ಇಸ್ಟ್ರಾಕ್’ ಸಂಸ್ಥೆಯಲ್ಲೇ. ಮೀನುಗಾರರಿಗೆಂದೇ ಇಸ್ರೊ ರೂಪಿಸಿದ ‘ಡ್ಯಾಟ್’ ಎಂಬ ಸಂಕಷ್ಟ ಸೂಚಕ 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಬೋಟಿನ ಗುರುತು, ಅದು ಇರುವ ಜಾಗ ಎರಡೂ ಉಪಗ್ರಹದ ಮೂಲಕ ಬೆಂಗಳೂರಿಗೆ ಬಂದು, ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ ತಲುಪುತ್ತವೆ. ಮೊದಲಿನ ಡ್ಯಾಟ್‌ನಲ್ಲಿ ಒಂದು ದೊಡ್ಡ ಕೊರತೆಯಿತ್ತು. ಗುಂಡಿ ಒತ್ತಿದವನಿಗೆ ತನ್ನ ಕರೆ ಮುಟ್ಟಿತೋ ಇಲ್ಲವೋ ಗೊತ್ತೇ ಆಗುತ್ತಿರಲಿಲ್ಲ. 2024ರಲ್ಲಿ ಬಂದ ಎರಡನೇ ತಲೆಮಾರಿನ ಸಾಧನ, ಕರೆ ಮುಟ್ಟಿದೆ ಎಂಬ ಉತ್ತರವನ್ನು ಬೋಟಿಗೆ ಮರಳಿಸುತ್ತದೆ. ಅಲೆಗಳ ನಡುವೆ ಸಿಕ್ಕಿಕೊಂಡವನಿಗೆ ಆ ಒಂದು ಉತ್ತರ ಕೊಡುವ ಧೈರ್ಯ ಸಣ್ಣದಲ್ಲ.

ಉಪಗ್ರಹಗಳು ಮೀನುಗಾರನಿಗೆ ದಾರಿಯನ್ನೂ ತೋರಿಸುತ್ತವೆ. ಓಷನ್‌ಸ್ಯಾಟ್‌ನಂಥವು ಕಡಲಿನ ಬಣ್ಣ ಮತ್ತು ಮೇಲ್ಮೈ ತಾಪಮಾನ ಅಳೆಯುತ್ತವೆ. ಅದನ್ನು ಆಧರಿಸಿ ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ‘ಇನ್‌ಕಾಯ್ಸ್’ ಸಂಸ್ಥೆ ಮೀನು ಸಿಗಬಹುದಾದ ಜಾಗಗಳನ್ನು ತಿಳಿಸುತ್ತದೆ. ಮೀನಿರುವಲ್ಲಿಗೆ ಹೋಗು ಎಂದು ಹೇಳುವ ಸರ್ಕಾರ, ಹೋದವನು ಮರಳಿ ದಕ್ಕೆ ಸೇರಿದನೇ ಎಂದು ನೋಡುವ ಹೊಣೆಯನ್ನೂ ಹೊರಬೇಕು.

ಬೋಟು ಎಲ್ಲಿದೆ ಎಂದು ತಿಳಿಸುತ್ತಿರುವ ಉಪಗ್ರಹ ಟ್ರಾನ್ಸ್‌ಪಾಂಡರನ್ನು ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಅಳವಡಿಸುವ, ಸುಮಾರು 360 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಚಾಲನೆ ಕೊಟ್ಟಿತು. ಇದು ಸ್ವಾಗತಾರ್ಹ. ಆದರೆ ಇದು ಎಂಜಿನ್ ಇರುವ ಬೋಟುಗಳಿಗೆ ಮಾತ್ರ; ಹುಟ್ಟು ಹಾಕಿ ಹೋಗುವ ದೋಣಿ ಹೊರಗೇ ಉಳಿಯಿತು. ಸಾಧನ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಮೀನು ಸಿಗುವ ಜಾಗ ಬೋಟು ನಡೆಸುವ ಪ್ರತಿ ತಾಂಡೇಲನ ಗುಟ್ಟು. ಅದು ಪಕ್ಕದ ಬೋಟಿನವರಿಗೆ, ವ್ಯಾಪಾರಿಗಳಿಗೆ ಗೊತ್ತಾಗುತ್ತದೆಂಬ ಅಂಜಿಕೆಯಿದ್ದರೆ ಆತ ಸಾಧನವನ್ನು ಆರಿಸಿಯೇ ಬಿಡುತ್ತಾನೆ. ಆ ಅಂಜಿಕೆ ನ್ಯಾಯವಾದದ್ದು. ಬೋಟಿನ ಮಾಹಿತಿಯನ್ನು ಯಾರು, ಯಾವಾಗ, ಯಾತಕ್ಕೆ ನೋಡಬಹುದು ಎಂಬುದು ಕಾನೂನಿನಲ್ಲಿ ಸ್ಪಷ್ಟವಾಗಿರಬೇಕು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬೋಟು ಏಕಾಏಕಿ ಮಗುಚಿದರೆ ಗುಂಡಿ ಒತ್ತಲು ಪುರುಸೊತ್ತೇ ಇರುವುದಿಲ್ಲ. ಸಿಗ್ನಲ್ ನಿಂತುಹೋಗುವುದನ್ನೇ ಅಪಾಯದ ಕರೆ ಎಂದು ಭಾವಿಸಿ ಹುಡುಕಾಟ ಶುರುವಾಗಬೇಕು. ಗುಟ್ಟು ಉಳಿಸಿಕೊಳ್ಳಲು ಯಾರೂ ಸಾಧನ ಆರಿಸುವುದಿಲ್ಲ ಎಂಬ ವಿಶ್ವಾಸ ಮೂಡಿದಾಗಲೇ ಈ ನಿಯಮಕ್ಕೆ ಅರ್ಥ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತಿರುವ ಆ ಎರಡು ತಿಂಗಳಲ್ಲಿ ಮೀನುಗಾರಿಕೆ ಇಲಾಖೆ ಪ್ರತಿ ಬೋಟಿನ ಸಾಧನ, ಅದರ ಬ್ಯಾಟರಿ ಪರೀಕ್ಷಿಸಬಹುದು. ಗುಂಡಿ ಒತ್ತುವುದನ್ನು ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೂ ಕಲಿಸಬಹುದು. ಅದೇ ಎರಡು ತಿಂಗಳು, ನಿಷೇಧದ ಹೊರಗಿರುವ ಸಾಂಪ್ರದಾಯಿಕ ನಾಡದೋಣಿಗಳು ಮಳೆಗಾಲದ ಉಕ್ಕುವ ಕಡಲಿಗಿಳಿಯುತ್ತವೆ. ಹೊಸ ಸಾಧನಗಳು ಬಂದರೆ ಮೊದಲು ಆ ದೋಣಿಗಳಿಗೇ ಕೊಡಲಿ.