ಬೆವರಿಗೆ ಎಷ್ಟು ಮಾರ್ಕ್ಸ್ ಕೊಡೋಣ?

ಹಾಟ್ ಯೋಗ ಅನ್ನೋ ಹೆಸರು ನೀವೂ ಕೇಳಿರ್ತೀರಿ. ಹೀಟರ್ ಹಾಕಿ ಕಾಯಿಸಿದ ಕೋಣೆಯೊಳಗೆ ಬೆವರು ಸುರಿಸುತ್ತಾ ಆಸನ ಮಾಡುವ ಪದ್ಧತಿ ಇದು. ಈಗ ಬೆಂಗಳೂರಿನಲ್ಲೂ ಇದಕ್ಕೆ ಸ್ಟುಡಿಯೋಗಳಿವೆ, ರೀಲ್‌ಗಳಂತೂ ಬೇಕಾದಷ್ಟಿವೆ. ಬೆನ್ನುನೋವು ಹೋಗುತ್ತೆ, ಟೆನ್ಷನ್ ಇಳಿಯುತ್ತೆ, ಮೈಯಲ್ಲಿರೋ ವಿಷವೆಲ್ಲ ಬೆವರಾಗಿ ಹೊರಗೆ ಬರುತ್ತೆ ಅಂತ ಹೇಳ್ತಾರೆ. ಕಲಬುರಗಿ ಕಡೆಯ ಗೆಳೆಯನಿಗೆ ಇದನ್ನೆಲ್ಲ ಹೇಳಿದರೆ, "ಏಪ್ರಿಲ್‌ನ್ಯಾಗ ನಮ್ಮೂರಿಗೆ ಬಾ ಮಾರಾಯಾ, ಕರೆಂಟ್ ಹೋದಾಗ ಸುಮ್ನ ಕುಂತ್ರೂ ಹಾಟ್ ಯೋಗನೇ, ಫೀಸೂ ಇಲ್ಲ" ಅಂದ.

ತಮಾಷೆ ಸರಿ. ಆದರೆ ವಿಷಯ ತಮಾಷೆಯದ್ದಲ್ಲ. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂರುವ ನಮ್ಮಲ್ಲಿ ಇಪ್ಪತ್ತು ತುಂಬುವ ಮೊದಲೇ ಸೊಂಟ ಹಿಡ್ಕೊಂಡು ಏಳೋರಿದ್ದಾರೆ. ಇಂಟರ್ನಲ್ಸ್, ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್ ಅಂತ ರಾತ್ರಿ ನಿದ್ದೆ ಬಾರದವರಿದ್ದಾರೆ. ಅಂಥವರಿಗೆ ಯಾರಾದರೂ "ಇದರಿಂದ ವಾಸಿಯಾಗುತ್ತೆ" ಅಂದರೆ ಆಸೆ ಹುಟ್ಟೋದು ಸಹಜ. ಹಾಗಾಗಿ ಆ ಮಾತಿನಲ್ಲಿ ಎಷ್ಟು ನಿಜ ಅಂತ ನೋಡಲೇಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಹಾಟ್ ಯೋಗದಿಂದ ಲಾಭ ಇದೆ, ಆದರೆ ಅದರ ಬಹುಪಾಲು ಮಾರ್ಕ್ಸ್ ಸಲ್ಲಬೇಕಾದ್ದು ಯೋಗಕ್ಕೆ, ಹೀಟರ್‌ಗೆ ಅಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಈ ಪದ್ಧತಿಯನ್ನು ಪ್ರಪಂಚಕ್ಕೆ ಮಾರಿದವರು ಕೋಲ್ಕತಾದ ಬಿಕ್ರಮ್ ಚೌಧುರಿ. 1970ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿ ಬೇರೂರಿದರು. 26 ಆಸನ, 2 ಉಸಿರಾಟದ ಅಭ್ಯಾಸ, 90 ನಿಮಿಷ. ಕೋಣೆಯ ಉಷ್ಣತೆ 105 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 40.5 ಡಿಗ್ರಿ ಸೆಲ್ಸಿಯಸ್. ಗಾಳಿಯ ತೇವಾಂಶ ಶೇ. 40. ಈ ಅನುಕ್ರಮ ತನ್ನದು, ಬೇರೆಯವರು ಕಲಿಸಬಾರದು ಅಂತ ಅವರು ಕೋರ್ಟಿಗೂ ಹೋದರು. 2015ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆರೋಗ್ಯ ಸುಧಾರಿಸುವ ಒಂದು ವಿಧಾನಕ್ಕೆ ಕಾಪಿರೈಟ್ ಸಿಗೋದಿಲ್ಲ ಅಂತ ತೀರ್ಪು ಬಂತು. "ಇದರಿಂದ ವಾಸಿಯಾಗುತ್ತೆ" ಅನ್ನೋ ಅವರ ಮಾತೇ ಅವರಿಗೆ ಮುಳುವಾಯ್ತು ನೋಡಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಆ 26 ಆಸನಗಳು ಈಗ ಓಪನ್ ಸೋರ್ಸ್.

ಇನ್ನು ಲಾಭದ ಲೆಕ್ಕ. ನಮ್ಮ ವಯಸ್ಸಿಗೆ ಹತ್ತಿರವಾದ ಒಂದು ಅಧ್ಯಯನ ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯದ್ದು. ಯುವಕ ಯುವತಿಯರು 8 ವಾರದಲ್ಲಿ 24 ಕ್ಲಾಸ್ ಮಾಡಿದರು. ಅವರ ಡೆಡ್‌ಲಿಫ್ಟ್ ಶಕ್ತಿ ಹೆಚ್ಚಿತು, ಸೊಂಟ, ತೊಡೆಯ ಹಿಂಭಾಗ ಮತ್ತು ಭುಜಗಳು ಹೆಚ್ಚು ಬಾಗತೊಡಗಿದವು. ಕೂತೂ ಕೂತೂ ಬಿಗಿಯಾಗೋದು ಇವೇ ಜಾಗಗಳು. ಆದರೆ ಓಟ, ಸೈಕಲ್‌ನಿಂದ ಬರುವ ಹೃದಯ-ಶ್ವಾಸಕೋಶದ ಸಾಮರ್ಥ್ಯ ಮಾತ್ರ ಹೆಚ್ಚಲಿಲ್ಲ. ಒಂದು ಕ್ಲಾಸಿಗೆ ಸಾವಿರ ಕ್ಯಾಲೊರಿ ಕರಗುತ್ತೆ ಅನ್ನೋ ಪ್ರಚಾರವೂ ನಿಲ್ಲಲಿಲ್ಲ. ಅದೇ ಯೂನಿವರ್ಸಿಟಿಯವರು ಅಳೆದಾಗ ಸಿಕ್ಕಿದ್ದು ಗಂಡಸರಿಗೆ ಸರಾಸರಿ 460, ಹೆಂಗಸರಿಗೆ 330.

ಮನಸ್ಸಿನ ವಿಷಯದಲ್ಲಿ ಫಲಿತಾಂಶ ಇನ್ನೂ ಚೆನ್ನಾಗಿದೆ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆಯಿಂದ ಬಳಲುತ್ತಿದ್ದವರು 8 ವಾರ 105 ಡಿಗ್ರಿಯ ಕೋಣೆಯಲ್ಲಿ ಯೋಗ ಮಾಡಿದರು. ಅವರಲ್ಲಿ ಶೇ. 59ರಷ್ಟು ಜನರಿಗೆ ಲಕ್ಷಣಗಳು ಅರ್ಧಕ್ಕರ್ಧ ಅಥವಾ ಅದಕ್ಕಿಂತ ಹೆಚ್ಚು ಇಳಿದವು. ಯೋಗಕ್ಕೆ ಕಾಯ್ತಾ ಇದ್ದ ಇನ್ನೊಂದು ಗುಂಪಿನಲ್ಲಿ ಹಾಗೆ ಆಗಿದ್ದು ಶೇ. 6ರಷ್ಟು ಜನರಿಗೆ ಮಾತ್ರ. ವಾರಕ್ಕೆ ಎರಡು ಕ್ಲಾಸ್ ಅಂತ ಹೇಳಿದ್ದರೂ ಜನ ಬಂದಿದ್ದು ಸರಾಸರಿ ವಾರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ನಮ್ಮಂಥ ಅಟೆಂಡೆನ್ಸ್ ಶಾರ್ಟೇಜ್ ಗಿರಾಕಿಗಳಿಗೆ ಇದು ಒಳ್ಳೇ ಸುದ್ದಿ!

ಆದರೆ ಲ್ಯಾಬ್‌ನಲ್ಲಿ ಕೇಳೋ ಪ್ರಶ್ನೆಯನ್ನ ಇಲ್ಲೂ ಕೇಳಬೇಕು: ಕಂಟ್ರೋಲ್ ಎಲ್ಲಿ? ಇಲ್ಲಿ ಹೋಲಿಸಿದ್ದು ಹಾಟ್ ಯೋಗ ಮಾಡಿದವರನ್ನ ಸುಮ್ಮನೆ ಕಾದವರ ಜೊತೆ. ತಂಪಾದ ಕೋಣೆಯಲ್ಲಿ ಅದೇ ಯೋಗ ಮಾಡಿದವರ ಜೊತೆ ಅಲ್ಲ. ಸುಧಾರಣೆ ತಂದಿದ್ದು ಬಿಸಿಯೋ, ಯೋಗವೋ, ವಾರಕ್ಕೊಮ್ಮೆ ನಾಲ್ಕು ಜನರ ಜೊತೆ ಸೇರಿದ್ದೋ ಅಂತ ಇದರಿಂದ ಬಿಡಿಸಿ ಹೇಳೋಕಾಗಲ್ಲ.

ಆ ಹೋಲಿಕೆ ಮಾಡಿದವರೂ ಇದ್ದಾರೆ. 2018ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನಡೆದ ಅಧ್ಯಯನ ಪ್ರಕಟವಾಯ್ತು. 40ರಿಂದ 60 ವರ್ಷದವರು 12 ವಾರ ಅದೇ 26 ಆಸನ ಮಾಡಿದರು. ಒಂದು ಗುಂಪು 40 ಡಿಗ್ರಿಯಲ್ಲಿ, ಇನ್ನೊಂದು 23 ಡಿಗ್ರಿಯಲ್ಲಿ. ರಕ್ತನಾಳಗಳು ಹಿಗ್ಗುವ ಶಕ್ತಿ ಎರಡೂ ಗುಂಪಿನಲ್ಲಿ ಸುಧಾರಿಸಿತು. ದೇಹದ ಕೊಬ್ಬಿನ ಪ್ರಮಾಣ ಬಿಸಿ ಕೋಣೆಯವರಲ್ಲಿ ಮಾತ್ರ ಇಳಿಯಿತು. ಅಂದರೆ ಬಿಸಿಗೂ ಒಂದಿಷ್ಟು ಪಾಲು ಇದೆ, ಆದರೆ ರಕ್ತನಾಳದ ಲಾಭಕ್ಕೆ ಹೀಟರ್ ಬೇಕಾಗಲೇ ಇಲ್ಲ.

ಇನ್ನು ಬೆವರು. ಥರ್ಮೋಡೈನಾಮಿಕ್ಸ್ ಪುಸ್ತಕ ನೆನಪಿಸಿಕೊಳ್ಳಿ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಕೋಣೆ 40 ಡಿಗ್ರಿ ಇದ್ದರೆ ಶಾಖ ಹೊರಗೆ ಹೋಗೋ ಬದಲು ಒಳಗೇ ಬರುತ್ತೆ. ಕನ್ವೆಕ್ಷನ್, ರೇಡಿಯೇಷನ್ ಎರಡೂ ಕೈಕೊಡುತ್ತವೆ. ಉಳಿಯೋದು ಒಂದೇ ದಾರಿ, ಬೆವರು ಆವಿಯಾಗೋದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ಹೊತ್ತುಕೊಂಡು ಹೋಗುತ್ತೆ. ಆದರೆ ಆವಿಯಾಗಬೇಕು! ತೊಟ್ಟಿಕ್ಕಿ ಮ್ಯಾಟ್ ಮೇಲೆ ಬಿದ್ದ ಬೆವರು ಒಂದು ಜೂಲ್ ಶಾಖವನ್ನೂ ತೆಗೆಯಲ್ಲ. ಜಾಹೀರಾತಿನಲ್ಲಿ ತೋರಿಸೋ ಆ ತೊಪ್ಪೆಯಾದ ಮೈ ನಿಜ ಹೇಳಬೇಕಂದ್ರೆ ಕೂಲಿಂಗ್ ಸಿಸ್ಟಮ್ ಸೋಲ್ತಾ ಇರೋದರ ಗುರುತು. ವಿಷ ಹೊರಹೋಗೋ ಮಾತೂ ಅಷ್ಟೇ. ಆ ಕೆಲಸ ಲಿವರ್ ಮತ್ತು ಕಿಡ್ನಿಯದ್ದು. ಬೆವರಲ್ಲಿ ಇರೋದು ಬಹುತೇಕ ನೀರು, ಜೊತೆಗೆ ಉಪ್ಪು. ಕ್ಲಾಸ್ ಮುಗಿದ ಮೇಲೆ ತೂಕ ಒಂದು ಕೆಜಿ ಇಳಿದಿದ್ದರೆ ಅದು ಹೆಚ್ಚುಕಡಿಮೆ ಒಂದು ಲೀಟರ್ ನೀರು, ಎರಡು ಚೊಂಬು ಮಜ್ಜಿಗೆ ಕುಡಿದರೆ ವಾಪಸ್ ಬರುತ್ತೆ.

ಬಿಸಿಯಿಂದ ಸ್ನಾಯು ಸಡಿಲವಾಗೋದು ನಿಜ. ಬೆನ್ನು ಹಿಡಿದಾಗ ಅಜ್ಜಿ ಬಿಸಿನೀರಿನ ಶಾಖ ಕೊಡೋದೂ ಅದಕ್ಕೇ. ಆದರೆ ಸಡಿಲವಾದ ಮೈ ತನ್ನ ಮಿತಿಯನ್ನು ತಡವಾಗಿ ಹೇಳುತ್ತೆ. ಆ ಹುರುಪಿನಲ್ಲಿ ಜಾಸ್ತಿ ಎಳೆದರೆ ವಾಸಿಯಾಗಬೇಕಿದ್ದ ಕೀಲೇ ನೋಯುತ್ತೆ. ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್ ನಡೆಸಿದ ಪರೀಕ್ಷೆಯಲ್ಲಿ ಕ್ಲಾಸ್ ಮುಗಿಯುವಷ್ಟರಲ್ಲಿ ಒಬ್ಬರ ದೇಹದೊಳಗಿನ ಉಷ್ಣತೆ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಜ್ವರ ಅಷ್ಟು ಬಂದರೆ ಅಮ್ಮ ನಮ್ಮನ್ನು ಆಸ್ಪತ್ರೆಗೆ ಎತ್ತಿಹಾಕ್ತಾರೆ!

ಹಾಗಾದರೆ ವಾಸಿಯಾಗೋದು ಅಂದ್ರೆ ಏನು? ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಆಗಿನ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಮಲೇರಿಯಾ, ಟೈಫಾಯಿಡ್, ಕ್ಷಯ ಅಂತ ಬಾಲ್ಯವೆಲ್ಲ ಕಾಯಿಲೆ. ಹದಿಹರೆಯದಲ್ಲಿ ಮೈಸೂರಿಗೆ ಹೋಗಿ, ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ತಮ್ಮ ಭಾವ ಟಿ. ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತು ಚೇತರಿಸಿಕೊಂಡರು. ಮುಂದೆ ಅವರು ಕುರ್ಚಿ, ಹಗ್ಗ, ಮರದ ದಿಮ್ಮಿ, ಬೆಲ್ಟ್ ಬಳಸಿ, ಬಾಗಲಾಗದವರಿಗೂ ಆಸನ ಸಿಗುವಂತೆ ಮಾಡಿದರು. ಒಂದು ರೀತಿಯಲ್ಲಿ ಪಕ್ಕಾ ಎಂಜಿನಿಯರಿಂಗ್ ಬುದ್ಧಿ: ಲೋಡ್ ಎಲ್ಲಿ ಬೀಳ್ತಿದೆ ನೋಡು, ಅಲ್ಲಿ ಸಪೋರ್ಟ್ ಕೊಡು. ಅದೇ ಗುರುವಿನ ಇನ್ನೊಬ್ಬ ಶಿಷ್ಯ, ಹಾಸನ ಜಿಲ್ಲೆಯಿಂದ ಬಂದ ಪಟ್ಟಾಭಿ ಜೋಯಿಸ್, ಮೈಸೂರಿನಲ್ಲಿ ಕಲಿಸಿದ ಅಷ್ಟಾಂಗ ಯೋಗದಲ್ಲೂ ಬೆವರು ಧಾರಾಳವಾಗಿ ಹರಿಯುತ್ತೆ. ಆದರೆ ಆ ಬಿಸಿ ಉಸಿರು ಮತ್ತು ಚಲನೆಯಿಂದ ಒಳಗೇ ಹುಟ್ಟಿದ್ದು. ಸುಸ್ತಾದರೆ ನಿಲ್ಲಿಸಿ, ಬಿಸಿಯೂ ಇಳಿಯುತ್ತೆ. ಹೀಟರ್‌ಗೆ ನಿಮ್ಮ ಸುಸ್ತು ಗೊತ್ತಾಗಲ್ಲ.

ಇಷ್ಟೆಲ್ಲ ಆದಮೇಲೂ ಬಿಸಿ ಕೋಣೆಗೆ ಹೋಗಬೇಕು ಅನ್ನಿಸಿದರೆ ಖಂಡಿತ ಹೋಗಿ. ಆ ಬಿಸಿ ಕೆಲವರಿಗೆ ಇಷ್ಟವಾಗುತ್ತೆ. ಇಷ್ಟವಾದದ್ದನ್ನ ಬಿಡದೆ ಮಾಡ್ತೀವಿ, ಬಿಡದೆ ಮಾಡಿದರೆ ತಾನೇ ಲಾಭ? ಆದರೆ ನೈಟ್‌ಔಟ್ ಮಾಡಿ, ಬರೀ ಟೀ ಕುಡಿದು ಹೋಗಬೇಡಿ. ಮೊದಲ ಒಂದೆರಡು ವಾರ ಅರ್ಧ ದಮ್ಮಿನಲ್ಲೇ ಮಾಡಿ, ಮೈ ಬಿಸಿಗೆ ಒಗ್ಗಿಕೊಳ್ಳಲು ಅಷ್ಟು ಸಮಯ ಬೇಕು. ಬಿ.ಪಿ., ಹೃದಯದ ತೊಂದರೆ ಇದ್ದವರು, ಹಿಂದೆ ಬಿಸಿಲಿನ ಹೊಡೆತ ತಿಂದವರು ಡಾಕ್ಟರನ್ನು ಕೇಳದೆ ಹೋಗಲೇಬೇಡಿ. ತಲೆ ಸುತ್ತಿದರೆ, ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ. "ಕೋಣೆ ಬಿಟ್ಟು ಹೋಗಬಾರದು, ತಡ್ಕೋ" ಅನ್ನೋ ಟೀಚರ್ ಸಿಕ್ಕಿದರೆ ಮಾರನೇ ದಿನದಿಂದ ಆ ಕಡೆ ಹೋಗಬೇಡಿ. ಖಿನ್ನತೆಗೆ ಮಾತ್ರೆ ತಗೊಳ್ತಾ ಇರೋರು ಯೋಗ ಶುರು ಮಾಡಿದೆವು ಅಂತ ಮಾತ್ರೆ ಬಿಡಬೇಡಿ. ಎರಡೂ ಒಟ್ಟಿಗೆ ನಡೆಯಲಿ.

ಸ್ಟುಡಿಯೋ ಫೀಸ್ ಕಟ್ಟೋಕೆ ಆಗದವರು, ನಾನೂ ಸೇರಿದಂತೆ, ತಪ್ಪಿಸಿಕೊಂಡಿದ್ದು ತೀರಾ ಕಡಿಮೆ. ಹಾಸ್ಟೆಲ್ ಟೆರೇಸ್ ಇದೆ, ಒಂದು ಚಾಪೆ ಇದೆ, ಬೆಳಿಗ್ಗೆ ಆರೂವರೆಯ ಬಿಸಿಲು ಪುಕ್ಕಟೆ. ಸರಿಯಾಗಿ ಗೊತ್ತಿರುವವರ ಹತ್ತಿರ ಹತ್ತು ಆಸನ ಕಲಿತು, ವಾರಕ್ಕೆ ಮೂರು ದಿನ, ಒಂದು ಸೆಮಿಸ್ಟರ್ ಮಾಡಿ ನೋಡೋಣ. ಜೊತೆಗೆ ರೂಮ್‌ಮೇಟನ್ನೂ ಎಬ್ಬಿಸಿ. ಬೆವರು ಬಂದರೆ ಬರಲಿ, ಅದಕ್ಕೆ ಇಂಟರ್ನಲ್ ಮಾರ್ಕ್ಸ್ ಕೊಡೋಣ. ಎಕ್ಸ್‌ಟರ್ನಲ್ ಮಾತ್ರ ಅಟೆಂಡೆನ್ಸಿಗೇ.